ತಕ್ಕಡಿ ಅಕ್ಕನ ಮೊಮ್ಮಗಳು

ನಮ್ಮ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ತೂಕ ನೋಡುವವಳು ತಕ್ಕಡಿ ಅಕ್ಕ. ಪಕ್ಕದ ಮೇಜಿನಲ್ಲಿ ಚುಚ್ಚುಮದ್ದು ಹಾಕುವವಳು ನಾನು. ನನ್ನ ಸೂಜಿಗೆ ಹೆದರದ ತಾಯಂದಿರು ಅವಳ ಬಾಯಿಗೆ ಹೆದರುತ್ತಿದ್ದರು. ಮಗುವಿನ ತೂಕ ಇಳಿಯಿತೋ, ಮುಗಿಯಿತು; ಇಡೀ ಸಾಲಿನೆದುರು ಮಾನ ಹರಾಜು.

"ಹೆತ್ರೆ ಆಯ್ತೇನಮ್ಮಾ? ಹೊಟ್ಟೆಗೆ ಯಾರು ಹಾಕ್ತಾರೆ, ನಾನಾ?"

ಮನಸ್ಸು ಕೆಟ್ಟದ್ದಲ್ಲ. ಸೊರಗಿದ ಮಗು ಕಂಡರೆ ಅವಳ ಕರುಳು ಚುರುಕ್ಕೆನ್ನುತ್ತಿತ್ತು. ಆದರೆ ಆ ಸಂಕಟವನ್ನೆಲ್ಲ ತಾಯಂದಿರ ಮೇಲೆ ಕಾರುತ್ತಿದ್ದಳು, ಏನು ಮಾಡೋಣ!

ಅವಳ ಸೊಸೆ ಹೊಲಿಗೆ ಕೆಲಸದವಳು, ಬಾಯಿಲ್ಲದ ಹುಡುಗಿ. ಗಂಡನೊಂದಿಗೆ ಬೇರೆ ಮನೆಯಲ್ಲಿದ್ದಳು. ತಿಂಗಳಿಗೊಮ್ಮೆ ಪುಟ್ಟ ಮಗಳನ್ನು ಎತ್ತಿಕೊಂಡು ಬಂದು ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತಿದ್ದಳು. ಕೋಣೆಯಲ್ಲಿ ಕೊರೆಯುವ ಚಳಿ, ಹಾಗಾಗಿ ಮಕ್ಕಳ ಬಟ್ಟೆ ಬಿಚ್ಚಿಸದೆಯೇ ತೂಗುತ್ತಿದ್ದೆವು.

"ಅಕ್ಕಾ, ನಿನ್ನ ಮೊಮ್ಮಗಳು ಯಾಕೋ ಬಡವಾಗಿದ್ದಾಳಲ್ಲ?" ಎಂದೆ ಒಮ್ಮೆ.

"ನಿನ್ನ ಕಣ್ಣಂದಾಜು ನಿನ್ನ ಹತ್ರಾನೇ ಇಟ್ಕೋ. ಮುಳ್ಳು ನೋಡು, ಏರಿದೆ. ನನ್ನ ಮೊಮ್ಮಗಳು ಕಣೇ!" ಎಂದು ಬೀಗಿದಳು.

ಚಳಿ ಮುಗಿಯುವ ಹೊತ್ತಿಗೆ ಆ ಮಗು ಸಾಲಿನಲ್ಲೇ, ತಾಯಿಯ ತೋಳಲ್ಲಿ ಎಚ್ಚರತಪ್ಪಿತು. ದೊಡ್ಡಾಸ್ಪತ್ರೆಗೆ ಹೊತ್ತೊಯ್ದೆವು. ಅಲ್ಲಿ ಫ್ರಾಕು ಬಿಚ್ಚಿದರೆ ಬರೀ ಎಲುಬಿನ ಗೂಡು. ಫ್ರಾಕು ಮಾತ್ರ ಕೈಗೆ ಭಾರವಾಗಿತ್ತು. ಅಂಚನ್ನು ಒತ್ತಿ ನೋಡಿದೆ. ಮಡಿಕೆಯ ಸುತ್ತ ಸಣ್ಣ ಸಣ್ಣ ಕಲ್ಲುಗಳು, ಅಚ್ಚುಕಟ್ಟಾದ ಹೊಲಿಗೆಯೊಳಗೆ.

ಸೊಸೆ ಆ ಫ್ರಾಕನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಎಲ್ರ ಮುಂದೆ ಬೈತೀರಲ್ಲ ಅತ್ತೆ... ಮುಂದಿನ ತಿಂಗಳು ಮೈ ತುಂಬ್ಕೊಳ್ತಾಳೆ, ಆಗ ಕಲ್ಲು ತೆಗೆದುಬಿಡೋಣ ಅಂದ್ಕೊಂಡೆ. ಪ್ರತಿ ತಿಂಗಳೂ ಹಾಗೇ ಅಂದ್ಕೊಂಡೆ."

"ಎರಡೂ ಮೂತ್ರಪಿಂಡ ಕೈಕೊಟ್ಟಿವೆ," ಎಂದರು ಡಾಕ್ಟರು. "ತೂಕ ಇಳಿಯೋಕೆ ಶುರುವಾದಾಗ್ಲೇ ತರಬಾರ್ದಿತ್ತಾ?"

ಮಗು ಉಳಿಯಲಿಲ್ಲ. ಸೊಸೆ ತವರಿಗೆ ಹೋದವಳು ತಿರುಗಿ ಬರಲಿಲ್ಲ.

ಅಕ್ಕ ಮತ್ತೆ ಕೆಲಸಕ್ಕೆ ಬಂದಳು. ಬಾರದೆ ಎಲ್ಲಿ ಹೋಗುತ್ತಾಳೆ, ಪಾಪ. ಸಾಲಿನ ಮೊದಲ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬಟ್ಟೆಯ ಅಂಚನ್ನು ಬೆರಳಲ್ಲಿ ತಡವತೊಡಗಿದಳು. ಒಂದೆಡೆ ಬೆರಳು ನಿಂತಿತು. ಮಡಿಕೆಯೊಳಗೆ ಗಟ್ಟಿಯಾಗಿ ಏನೋ ಇತ್ತು.

ಆ ಮಗುವಿನ ತಾಯಿ ತಲೆ ತಗ್ಗಿಸಿ ಹಿಂದೆ ಸರಿದಳು. "ಬೈಬೇಡಕ್ಕಾ," ಎಂದಳು.