ಅವ್ವ ಜೋಪಾನ ಮಾಡಿದ ಇನ್ನೊಬ್ಬ ಗಿರಿಜಾ

ಕೀಲಿಕೈ ನನ್ನ ತುಟಿಗೆ ಅಂಟಿಕೊಂಡುಬಿಟ್ಟಿತು. ಮೂಡಲಗಿಯ ದವಾಖಾನೆಯಲ್ಲಿ ನರ್ಸ್ ಆಗಿದ್ದಾಗ ಎರಡೂ ಕೈಗೆ ಕೆಲಸವಿದ್ದರೆ ಸ್ಕೂಟಿಯ ಕೀಲಿಯನ್ನು ಬಾಯಲ್ಲಿ ಹಿಡಿಯುವುದು ನನ್ನ ರೂಢಿ. ಉತ್ತರ ಫಿನ್ಲೆಂಡಿನ ಈ ಸಣ್ಣ ಪಟ್ಟಣದ ಬಸ್ ನಿಲ್ದಾಣದಲ್ಲಿ ಕೈಗವಸು ಹಾಕಿಕೊಳ್ಳುವಾಗಲೂ ಕೋಣೆಯ ಕೀಲಿಯನ್ನು ಹಾಗೇ ಹಿಡಿದೆ. ಕಿತ್ತರೆ ತುಟಿಯ ಚರ್ಮವೂ ಬರುವಂತಿತ್ತು. ಕೂಗಲು ಬಾಯಿಯೇ ತೆರೆಯದು. ನನ್ನ ಜೊತೆ ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಮಾರ್ಯಾ ಓಡಿಬಂದು, ತನ್ನ ಥರ್ಮಾಸಿನ ಉಗುರುಬೆಚ್ಚಗಿನ ಕಾಫಿಯನ್ನು ನನ್ನ ತುಟಿಯ ಮೇಲೆ ಹನಿಹನಿಯಾಗಿ ಸುರಿದಳು. ಕೀಲಿ ಬಿಟ್ಟಿತು. ಅವಳು ಆಕಾಶದ ಕಡೆ ಬೆರಳು ಮಾಡಿ "ಪಕ್ಕನೆನ್" ಎಂದಳು. ನೀರು ಕಲ್ಲಾಗುವಂಥ ಚಳಿಗೆ ಇವರ ಮಾತಿನಲ್ಲಿ ಬೇರೆಯೇ ಹೆಸರು. ನಮಗೆ ಚಳಿ ಎಂದರೆ ಒಂದೇ ಚಳಿ, ಅದೂ ಸಂಕ್ರಾಂತಿಯ ತನಕ.

ಅಂದು ಮಧ್ಯಾಹ್ನ, ಆಗಲೇ ಕತ್ತಲಾಗಿತ್ತು, ಊದಿದ ತುಟಿಯಲ್ಲೇ ಗೋಕಾಕಕ್ಕೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಸಂಜೆಯ ಚಹಾ ಮುಗಿದ ಹೊತ್ತು. ನಮ್ಮೂರು ಹುಕ್ಕೇರಿ ತಾಲೂಕಿನ ಘೋಡಗೇರಿಯಾದರೂ, ತಮ್ಮ ಪ್ರಕಾಶ ಗೋಕಾಕದಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ ಮೇಲೆ ಅವ್ವ ಅವನ ಜೊತೆಗೇ ಇದ್ದಾಳೆ; ಹಗಲೆಲ್ಲ ಓಣಿಯ ಹೆಂಗಸರಿಗೆ ಹಳೇ ಸೀರೆಗಳ ಕೌದಿ ಹೊಲಿದುಕೊಡುತ್ತಾಳೆ.

"ಅವ್ವಾ, ಇವತ್ತ ಏನಾತು ಗೊತ್ತೇನ..." ಎಂದು ಶುರು ಮಾಡಿದೆ.

"ತಡಿ, ಗಿರಿಜಾನ ಕೈಗವಸ ಹರದಾವ," ಎಂದಳು ಅವ್ವ. ಅವಳ ಕಣ್ಣು ನನ್ನ ಮೇಲಿರಲಿಲ್ಲ.

"ನನ್ನ ಕೈಗವಸ ನೆಟ್ಟಗದಾವ ಬೇ."

"ನಿನ್ನವಲ್ಲ. ಈಕಿವು."

ಪ್ರಕಾಶ ಫೋನನ್ನು ಆ ಕಡೆ ತಿರುಗಿಸಿ ತೋರಿಸಿದ. ಅಂಗಡಿಗೆ ಬಂದ ಹಳೇ ಭಾಗಗಳನ್ನೆಲ್ಲ ಕೂಡಿಸಿ ಒಂದು ಕಂಪ್ಯೂಟರ್ ಮಾಡಿಕೊಂಡಿದ್ದ, ಅದರಲ್ಲೊಂದು ಆಟ. ಹಿಮದ ಕಾಡಿನಲ್ಲಿ ಒಬ್ಬಳೇ ಉಳಿದ ಹೆಂಗಸು. ಜನ ಬಿಟ್ಟುಹೋದ ಮನೆಗಳನ್ನು ಹುಡುಕಿ ಕಡ್ಡಿಪೆಟ್ಟಿಗೆ, ಡಬ್ಬಿಯ ಅನ್ನ, ಹಳೇ ಕಾಲುಚೀಲ ಏನು ಸಿಕ್ಕರೂ ಜೋಪಾನ ಮಾಡಿ ಅವಳು ಬದುಕಬೇಕು. ಸತ್ತರೆ ಆಟ ಪೂರ್ತಿ ಅಳಿಸಿಹೋಗುತ್ತದೆ, ಮತ್ತೆ ಮೊದಲಿನಿಂದ. ಅಕ್ಕ ಇರುವ ಚಳಿ ಹೇಗಿರುತ್ತದೆಂದು ಅವ್ವನಿಗೆ ತೋರಿಸಲು ಹಚ್ಚಿದ್ದನಂತೆ. ಆ ಹೆಂಗಸಿಗೆ ಏನು ಹೆಸರೆಂದು ಆಟ ಕೇಳಿದಾಗ ಅವ್ವ ಗಿರಿಜಾ ಎಂದು ಇಡಿಸಿದ್ದಳು.

ಮೊದಲ ದಿನ ನಕ್ಕೆ. ವಾರ ಕಳೆದ ಮೇಲೆ ನಗು ಬರಲಿಲ್ಲ.

ನನ್ನ ಬದುಕೂ ಆಗ ಹುಡುಕಾಟದ್ದೇ ಆಗಿತ್ತು. ಇಲ್ಲಿ ಕಿರ್ಪುತೋರಿ ಎಂಬ ಅಂಗಡಿಗಳಿವೆ. ಜನ ಬಳಸಿ ಬಿಟ್ಟದ್ದನ್ನು ಮಾರುವ ಜಾಗ. ನಮ್ಮಲ್ಲಿ ಇನ್ನೊಬ್ಬರು ಹಾಕಿಕೊಂಡ ಬಟ್ಟೆ ಕೊಳ್ಳುವುದು ಸಣ್ಣತನ. ಇಲ್ಲಿ ದೊಡ್ಡ ಕಾರಿನಲ್ಲಿ ಬಂದವರೂ ಹಳೇ ಬೂಟು ತಿರುಗಿಸಿ ನೋಡುತ್ತಾರೆ. ಗೊತ್ತಿಲ್ಲದವಳೊಬ್ಬಳ ಕೋಟು, ಯಾರೋ ಹುಡುಗನ ಬೂಟು, ಮಾರ್ಯಾಳ ಗಂಡನ ಟೊಪ್ಪಿಗೆ, ಇವುಗಳಲ್ಲಿ ನಾನು ತಿರುಗುತ್ತಿದ್ದೆ. ಬೂಟಿನೊಳಗಿನ ಅಟ್ಟೆಯನ್ನು ದಿನಾ ತೆಗೆದು ಒಣಗಿಸಬೇಕೆಂದು ಒಂದು ಕಾಲಿನ ಬೆರಳು ಮರಗಟ್ಟಿದ ಮೇಲೆ ಕಲಿತೆ. ಜೋಳದ ರೊಟ್ಟಿಗೆ ಬದಲು ಹುಳಿವಾಸನೆಯ ಕಪ್ಪು ರೈ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಇದನ್ನೆಲ್ಲ ಹೇಳಲು ಫೋನ್ ಮಾಡಿದರೆ ಅವ್ವನಿಗೆ ಆ ಗಿರಿಜಾಳ ಸುದ್ದಿಯೇ ಹೆಚ್ಚು.

"ಕಿಡಕಿ ಪರದೆ ಹರದು ಆಕಿ ಕೋಟಿಗೆ ತ್ಯಾಪಿ ಹಚ್ಚೇವಿ," ಎನ್ನುತ್ತಿದ್ದಳು. "ಆಕಿಗಿ ನಿನ್ನೆ ಉಣ್ಣಾಕ ಏನೂ ಸಿಕ್ಕಿರಲಿಲ್ಲ, ಪಾಪ."

"ನಾನೂ ನಿನ್ನೆ ಡ್ಯೂಟಿ ಒಳಗ ಉಂಡಿಲ್ಲ, ಅವ್ವಾ."

"ಯಾಕ? ನಿಮ್ಮಲ್ಲೆ ಅಂಗಡಿ ಅದಾವಲ್ಲ."

"ಅಲ್ಲೆ ತೋಳ ಬರತಾವೇನ?" ಎಂದು ಒಂದು ದಿನ ಕೇಳಿದಳು. ಇಲ್ಲ ಎಂದೆ. "ಹಂಗಾರ ಚಲೋ ಆತು," ಎಂದು ಮತ್ತೆ ಪರದೆಯ ಕಡೆ ತಿರುಗಿದಳು. ಇಲ್ಲೂ ತೋಳವೊಂದು ಬರಬಾರದೇ ಎಂದು ನನಗೆ ಅನ್ನಿಸಿದ್ದು ಅಂದೇ. ನನ್ನ ಚಳಿಯಲ್ಲಿ ಕಥೆಯೇ ಇರಲಿಲ್ಲ. ಬಸ್ಸು, ಕತ್ತಲೆ, ಜಿಪ್ಪು, ಮುದುಕರ ಹಾಸಿಗೆ. ಆ ಗಿರಿಜಾಳ ಚಳಿಯಲ್ಲಿ ಬೆಂಕಿ ಇತ್ತು, ಗುಹೆ ಇತ್ತು, ಪಕ್ಕದಲ್ಲಿ ಕುಳಿತು ಕಾಯುವ ಅವ್ವ ಇದ್ದಳು. ನನ್ನ ಹೆಸರನ್ನು ಹೊತ್ತ ಒಂದು ಗೊಂಬೆಯ ಮೇಲೆ ನಾನು ಹೊಟ್ಟೆಕಿಚ್ಚುಪಡುತ್ತಿದ್ದೆ; ಅವಳು ಸತ್ತರೆ ಸಾಕು ಎನ್ನಿಸುತ್ತಿತ್ತು. ಯಾರಿಗೆ ಹೇಳಲಿ? ಬಸ್ಸಿನಲ್ಲಿ ಇಲ್ಲಿ ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ.

ಕೊನೆಗೆ ಪ್ರಕಾಶನಿಗೇ ಹೇಳಿದೆ. "ಆ ಆಟ ಬಂದ್ ಮಾಡೋ. ಅವ್ವ ನನ್ನ ಜೋಡಿ ಮಾತಾಡೂದ ಬಿಟ್ಟಾಳ."

"ಅಕ್ಕಾ, ಆಟ ಎಲ್ಲಿ ಐತಿ? ಈಗೀಗ ಆಕಿನ್ನ ಮನಿ ಬಿಟ್ಟು ಹೊರಗ ಕಳಸಾಕ ಅವ್ವ ಬಿಡವಲ್ಲಳು. ಎಂಟತ್ತು ಜೋಡಿ ಕಾಲಚೀಲ ಪೆಟ್ಟಿಗ್ಯಾಗ ಇಡಿಸ್ಯಾಳ. ಒಂದು ಕಡ್ಡಿ ಗೀರಿದರ ಬೈತಾಳ. ಒಲಿ ಮುಂದ ಕುಂದರಸಿ ಸುಮ್ಮನ ನೋಡ್ಕೋತ ಕುಂದರತಾಳ. ನಿನ್ನ ಹೆಸರ ಐತಲ್ಲ, ಸಾಯಬಾರದು ಅಂತ."

ಅವ್ವನ ಮೇಲಿನ ಸಿಟ್ಟು ಇಳಿಯಿತು. ಆ ಹೆಂಗಸಿನ ಮೇಲಿನ ಕಿಚ್ಚು ಮಾತ್ರ ಇನ್ನೂ ಹೆಚ್ಚಾಯಿತು. ಒಲೆಯ ಮುಂದೆ ಕೂತು ಏನೂ ಮಾಡದೆ ಅವ್ವನ ಕಣ್ಣೆದುರಿಗೆ ಇರುವ ಭಾಗ್ಯ ಅವಳದು.

ಆದರೆ ಅವಳ ಮನೆಯಲ್ಲೂ ಕಟ್ಟಿಗೆ ಮುಗಿಯಿತು. ಸುತ್ತಲಿನ ಮನೆಗಳಲ್ಲಿ ಹುಡುಕಲು ಏನೂ ಉಳಿದಿರಲಿಲ್ಲ. ಗುಡ್ಡದ ಆಚೆಯ ಇನ್ನೊಂದು ಗುಡಿಸಲಿಗೆ ಹೋಗಲೇಬೇಕಿತ್ತು. ನನಗೆ ರಜೆಯಿದ್ದ ದಿನ ಪ್ರಕಾಶ ಕಾಲ್ ಮಾಡಿ ಫೋನನ್ನು ಪರದೆಯ ಪಕ್ಕದಲ್ಲಿ ನಿಲ್ಲಿಸಿದ. ಅವ್ವ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿ ಕೇಳಿದಳು.

"ನೀ ಹೊರಗ ಹೋಗೂಮುಂದ ಏನೇನ ಮಾಡ್ತಿ, ಹೇಳು."

ಹೇಳಿದೆ. ದಪ್ಪನೆಯ ಒಂದೇ ಬಟ್ಟೆಗಿಂತ ತೆಳುವಾದ ಮೂರು ಮೇಲು. ಓಡಬಾರದು, ಬೆವರಿದರೆ ಆ ಬೆವರೇ ಮುಂದೆ ಹೆಪ್ಪುಗಟ್ಟುತ್ತದೆ. ಕಿವಿ ಮುಚ್ಚಬೇಕು. ನಾನು ಹೇಳಿದ್ದನ್ನೆಲ್ಲ ಅವ್ವ ತಮ್ಮನಿಂದ ಮಾಡಿಸಿದಳು. "ಕಾಲಚೀಲ ಎಲ್ಲಾ ತಗೊಳ್ಳಲ್ಯಾ?" ಎಂದು ಅವನು ಕೇಳಿದ. "ಒಂದ ಜೋಡಿ ಸಾಕು, ಉಳಿದದ್ದು ಇರಲಿ, ಮತ್ತ ಬೇಕಾಗತಾವ," ಎಂದಳು ಅವ್ವ. ಆ ಹೊತ್ತು ನಾವು ಮೂವರೂ ಒಂದೇ ಮನೆಯಲ್ಲಿದ್ದ ಹಾಗಿತ್ತು.

ಅರ್ಧ ದಾರಿಯಲ್ಲಿ ಹಿಮಗಾಳಿ ಎದ್ದಿತು. ಪರದೆ ಪೂರಾ ಬಿಳಿ.

"ತಿರಗಿ ಹೋಗೂಣೇನ?" ಪ್ರಕಾಶ ಅವ್ವನ ಕಡೆ ನೋಡಿದ.

ಅವ್ವ ನನ್ನ ಮುಖ ನೋಡಿದಳು. "ಮುಂದ ಹೋಗು. ನಮ್ಮ ಗಿರಿಜಾ ದಿನಾ ಹೋಗತಾಳ."

ಹೋದಳು. ಒಂದು ಬಂಡೆಯ ಮರೆಯಲ್ಲಿ ಬೆಂಕಿ ಹಚ್ಚಲು ನೋಡಿದಳು. ಗಾಳಿಗೆ ಕಡ್ಡಿಗಳು ಒಂದೊಂದಾಗಿ ಆರಿದವು. ಕಾಲುಚೀಲ ತೊಯ್ದಿತ್ತು. ಮಂಡಿಯೂರಿದಳು, ಬಿದ್ದಳು, ಪರದೆ ಕಪ್ಪಾಯಿತು. ತಿಂಗಳುಗಟ್ಟಲೆ ಸಾಯಲಿ ಎಂದು ಬಯಸಿದ್ದವಳು ಸತ್ತಿದ್ದಳು. ನನಗೆ ಸಂತೋಷವಾಗಲಿಲ್ಲ.

ಅವ್ವ ಅಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, "ಇಟ್ಟದ್ದೆಲ್ಲಾ ಪೆಟ್ಟಿಗ್ಯಾಗ ಉಳೀತು ನೋಡು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಏನೇನ ಹಂಗ ಇಟ್ಟಿ?" ಎಂದು ಕೇಳಿದಳು.

ಆಶ್ರಮದ ಅಜ್ಜಿಯೊಬ್ಬರು ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲ ಇತ್ತು. ಅವ್ವನಿಗೆ ಒಯ್ಯಬೇಕೆಂದು ಹಾಕಿಕೊಳ್ಳದೆ ಬ್ಯಾಗಿನಲ್ಲಿಟ್ಟಿದ್ದೆ. ಹೇಳಿದೆ.

"ಗೋಕಾಕದ ಬಿಸಲಾಗ ನನಗ ಉಣ್ಣೀ ಕಾಲಚೀಲ ಯಾಕ ಬೇಕ? ತಗಿ, ಹಾಕ್ಕೋ. ನಾ ನೋಡಬೇಕು."

ಫೋನಿನ ಮುಂದೆಯೇ ಹಾಕಿಕೊಂಡೆ. ಅವ್ವ ಎರಡೂ ಕಾಲು ಎತ್ತಿಸಿ ನೋಡಿದಳು.

ಪ್ರಕಾಶ ಹೊಸ ಆಟ ಶುರು ಮಾಡಿದಾಗ ಮತ್ತೆ ನನ್ನ ಹೆಸರೇ ಬರೆಯಹೋದನಂತೆ. "ಬ್ಯಾಡ," ಎಂದಳಂತೆ ಅವ್ವ. "ಒಬ್ಬಾಕಿ ಹೊರಗ ಅದಾಳ, ಸಾಕು." ಈ ಸಲ ಗಡ್ಡದ ಗಂಡಸು, ಹೆಸರಿಲ್ಲದವನು.

ನಾನು ಗೆದ್ದೆನೆಂದೇ ಅಂದುಕೊಂಡಿದ್ದೆ. ಆದರೆ ಆ ಇನ್ನೊಬ್ಬ ಗಿರಿಜಾ ಗೋಕಾಕದ ಮನೆಯಲ್ಲಿ ಮೊದಲು ನನ್ನ ಮಂಚವಿದ್ದ ಮೂಲೆಯಲ್ಲೇ ಇದ್ದಳು. ಕಂಪ್ಯೂಟರ್ ಇಟ್ಟಿರುವುದು ಅಲ್ಲೇ. ಪ್ರತಿ ಸಂಜೆ ಆ ಮನೆಯಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಈಗ ಕೂಗುವುದಿಲ್ಲ. ಇಲ್ಲಿಯ ಜನರಿಗೆ ನನ್ನ ಹೆಸರು ನಾಲಿಗೆಗೆ ಹೊರಳದು, ಗಿರಿಯಾ ಎನ್ನುತ್ತಾರೆ. ನಾನೂ ಓಗೊಡುತ್ತೇನೆ.

ಮೊನ್ನೆ ಬಸ್ ನಿಲ್ದಾಣದಿಂದ ಕಾಲ್ ಮಾಡಿದೆ. ಅವ್ವ ಟೊಪ್ಪಿಗೆ ಕೇಳಿದಳು, ಕಾಲುಚೀಲ ಕೇಳಿದಳು, ಊಟ ಕೇಳಿದಳು. ಹೇಳುತ್ತಿರುವಾಗಲೇ ಪಕ್ಕದಿಂದ ಪ್ರಕಾಶ ಏನೋ ಅಂದ.

"ತಡಿ," ಎಂದು ಅವಳು ನಕ್ಕಳು. "ಈ ಗಡ್ಡದಾಂವ ಭಾಳ ದಡ್ಡ ಅದಾನ. ಬೂಟ ಬಿಟ್ಟು ಹೊಂಟಾನ ನೋಡು." ಅವಳ ಮುಖ ಆ ಕಡೆ ತಿರುಗಿತು. ನನ್ನ ಫೋನಿನಲ್ಲಿ ಅವಳ ಕಿವಿ, ಬೆಂಡೋಲೆ, ಕೆನ್ನೆಯ ಮೇಲೆ ಬಿದ್ದ ಆಟದ ಹಿಮದ ಬೆಳಕು.

ಬಸ್ಸು ಬಂದು ಬಾಗಿಲು ತೆರೆಯಿತು. ನಾನು ಹತ್ತಲಿಲ್ಲ. ಅವ್ವ ಇನ್ನೂ ಈ ಕಡೆ ತಿರುಗಿರಲಿಲ್ಲ.