ಅಷ್ಟೇ ತಾನೇ ಮೇಸ್ತ್ರಿ

ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಕಾಗದಪತ್ರಗಳಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದೆ, ಎಬ್ಬಿಸುವುದು ಬೇಡ. ಬೀದಿಯವರ ಬಾಯಲ್ಲಿ ಅವನು ‘ಅಷ್ಟೇ ತಾನೇ ಮೇಸ್ತ್ರಿ’. ಹಳೆಯ ಅಡಿಗೆಮನೆ, ಬಚ್ಚಲುಮನೆಗಳನ್ನು ಒಡೆದು ಹೊಸದು ಮಾಡಿಕೊಡುವುದು ಅವನ ಕಸುಬು. ಗಾರೆ ಹಾಕುವವರು, ಟೈಲ್ಸ್ ಕೂರಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಜನ ಇವನನ್ನೇ ಹುಡುಕಿಕೊಂಡು ಬರುತ್ತಿದ್ದುದು ಅವನ ಕೈಗಿಂತ ಹೆಚ್ಚಾಗಿ ಬಾಯಿಗೆ.

ಮನೆ ಒಡೆಸಲು ಹೊರಟವರ ಅವಸ್ಥೆ ನೋಡಬೇಕು. ಇಪ್ಪತ್ತು ವರ್ಷ ಸೋರುವ ನಲ್ಲಿಗೆ ದಿನಾ ಶಾಪ ಹಾಕಿದವರು, ಸುತ್ತಿಗೆ ಕಂಡ ಕೂಡಲೇ ಅದೇ ನಲ್ಲಿಯ ಮೇಲೆ ಎಲ್ಲಿಲ್ಲದ ಮಮತೆ ತೋರಿಸುತ್ತಾರೆ. ಇನ್ನೊಂದು ವರ್ಷ ಹೀಗೇ ತಳ್ಳೋಣ ಎನ್ನುತ್ತಾರೆ. ಧೂಳು ಬಂದು ತಮ್ಮ ಪುಸ್ತಕಗಳ ಮೇಲೆ ಕೂತರೆ ಏನು ಗತಿ ಎಂದು ನಿವೃತ್ತ ಗುಮಾಸ್ತರೊಬ್ಬರು ಮೂರು ತಿಂಗಳು ನಿದ್ದೆಗೆಟ್ಟಿದ್ದರು. “ಅಷ್ಟೇ ತಾನೇ?” ಎಂದ ಮೇಸ್ತ್ರಿ ಮರುದಿನವೇ ಅಡಿಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಹೊಸ್ತಿಲಿಗೆ ಒದ್ದೆ ಗೋಣಿಚೀಲ ಹಾಸಿ, ಆ ಕಡೆ ನಿಂತು ಮನೆ ನಡುಗುವ ಹಾಗೆ ಸೀನಿದ. “ನೋಡಿ ಸ್ವಾಮಿ, ನನ್ನ ಸೀನೇ ದಾಟ್ಲಿಲ್ಲ, ಧೂಳು ಎಲ್ಲಿ ದಾಟುತ್ತೆ?” ಗುಮಾಸ್ತರು ನಕ್ಕರು. ನಕ್ಕ ಮೇಲೆ ಒಪ್ಪದೆ ಇರುವುದು ಕಷ್ಟ.

ಇನ್ನೊಂದು ಮನೆಯಲ್ಲಿ ಎಂಟು ಜನ, ಒಂದೇ ಬಚ್ಚಲು. ಕೆಲಸ ಮುಗಿಯುವ ತನಕ ಸ್ನಾನಕ್ಕೆ ಎಲ್ಲಿಗೆ ಹೋಗುವುದು? “ಅಷ್ಟೇ ತಾನೇ?” ಇವನೇ ಪಕ್ಕದ ಮನೆಯ ಕದ ತಟ್ಟಿ, ಆ ಎರಡು ಮನೆಯವರು ಆರು ವರ್ಷದಿಂದ ಮಾತು ಬಿಟ್ಟಿದ್ದಾರೆಂಬುದೂ ತಿಳಿಯದೆ, ಬೆಳಗಿನ ಸರದಿ ಗೊತ್ತುಮಾಡಿಕೊಂಡು ಬಂದ. ಬಚ್ಚಲಿನ ಜೊತೆಗೆ ಜಗಳವೂ ರಿಪೇರಿಯಾಯಿತು. ಅಡಿಗೆಮನೆ ಒಡೆಯುವ ಕಡೆಯಾದರೆ ಹಿಂದಿನ ದಿನವೇ ವರಾಂಡದಲ್ಲಿ ಮೇಜು ಹಾಕಿ, ಒಲೆ ಇಟ್ಟು, ಮೊದಲ ಲೋಟ ಚಹಾ ತಾನೇ ಮಾಡಿ ಮನೆಯೊಡತಿಯ ಕೈಗೆ ಕೊಡುತ್ತಿದ್ದ. ಒಡೆಯುವ ದಿನ ಮನೆಯವರನ್ನೆಲ್ಲ ಹೊರಗೆ ಅಟ್ಟುತ್ತಿದ್ದ. ಮೊದಲ ಏಟು ಎದೆಗೇ ಬೀಳುತ್ತದೆ, ಅದನ್ನು ಕೇಳಬಾರದು ಎನ್ನುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಮದ್ದು ಅವನ ಸೀಮೆಸುಣ್ಣ. ಹೊಸ ಕಟ್ಟೆ ಎಲ್ಲಿಗೆ ಬರುತ್ತದೆ, ಒಲೆ ಎಲ್ಲಿ, ತೊಟ್ಟಿ ಎಲ್ಲಿ, ಎಲ್ಲವನ್ನೂ ಹಳೆಯ ಗೋಡೆಯ ಮೇಲೆ ಗೆರೆ ಎಳೆದು ತೋರಿಸುವುದು. “ಎರಡು ದಿನ ಇದರ ಮುಂದೆ ಓಡಾಡಿ. ಕೈ ಚಾಚಿ, ಬಗ್ಗಿ, ನೋಡಿ. ಆಮೇಲೆ ಹೇಳಿ.” ಕಣ್ಣಿಗೆ ಕಂಡದ್ದಕ್ಕೆ ಜನ ಹೆದರುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ.

ಆ ‘ಅಷ್ಟೇ ತಾನೇ’ ಅವನ ಸ್ವಂತ ಸೊತ್ತಲ್ಲ. ಅಕ್ಕನದು. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹದಿನೈದು. ಶಾಲೆಯಲ್ಲಿ ಏಟು ಬಿದ್ದರೆ, ಅಂಗಿ ಹರಿದರೆ, ಕತ್ತಲಲ್ಲಿ ಅಮ್ಮನ ನೆನಪಾದರೆ ಅವನು ಅಡಿಗೆಮನೆಗೆ ಓಡುತ್ತಿದ್ದ. ಅಕ್ಕ ಒಲೆಯ ಮುಂದೆ ಕೂತು ಅವನ ಅಳು, ಬಿಕ್ಕು, ದೂರು ಎಲ್ಲ ಮುಗಿಯುವ ತನಕ ಕೇಳುತ್ತಿದ್ದಳು. ಕೊನೆಗೆ, “ಅಷ್ಟೇ ತಾನೇ?” ಎಂದು ಕೈ ಒರೆಸಿಕೊಂಡು ಎದ್ದಳೆಂದರೆ ಕಷ್ಟ ಅರ್ಧ ಕಳೆದ ಹಾಗೆ. ಎದ್ದವಳು ಸೂಜಿಯನ್ನೋ ಮೇಷ್ಟ್ರನ್ನೋ ಹುಡುಕಿಕೊಂಡು ಹೋಗುತ್ತಿದ್ದಳು.

ಮದುವೆಯಾಗಿ ಅಕ್ಕ ಎರಡು ಬೀದಿ ಆಚೆಗೆ ಹೋದಳು. ಆ ಮನೆಯ ಅಡಿಗೆಮನೆಯಲ್ಲಿ ಮೂವತ್ತೈದು ವರ್ಷ ಬೇಯಿಸಿ ಬಡಿಸಿದಳು. ಗಂಡ ಹೋದ ಮೇಲೂ, ಮಗನಿಗೆ ಮದುವೆಯಾಗಿ ಸೊಸೆ ಬಂದ ಮೇಲೂ ಒಲೆ ಅಕ್ಕನದೇ. ಸೊಸೆ ಒಳ್ಳೆಯವಳು, ಕೆಲಸಕ್ಕೆ ಹೋಗುವವಳು. ಅತ್ತೆಯ ಅಡಿಗೆ ಉಂಡು ಹೊರಡುವುದು ಅವಳಿಗೂ ಹಿತವಾಗಿತ್ತು. ಅಡಿಗೆಮನೆ ಮಾತ್ರ ನೋಡುವ ಹಾಗಿರಲಿಲ್ಲ. ಬಿರುಕು ಬಿಟ್ಟ ಸಿಮೆಂಟ್ ಕಟ್ಟೆ, ಬಾಗಿದ ಮರದ ಹಲಗೆ, ಅದರ ಮೇಲೆ ಸಾಲಾಗಿ ಡಬ್ಬಗಳು, ಬಾಗಿಲ ಪಕ್ಕ ಕೈ ಒರೆಸುವ ಬಟ್ಟೆ ನೇತುಹಾಕಲು ಒಂದು ಡೊಂಕು ಮೊಳೆ. ಊರಿನ ಅಡಿಗೆಮನೆಗಳನ್ನೆಲ್ಲ ಚಂದ ಮಾಡಿದವನ ಸ್ವಂತ ಅಕ್ಕ ಹೀಗಿದ್ದರೆ ಹೇಗೆ ಎಂದು ಮೇಸ್ತ್ರಿಗೆ ನಾಚಿಕೆ. ಪ್ರೀತಿಯೂ ಇತ್ತು, ಇಲ್ಲವೆನ್ನಲಾರೆ. ಆದರೆ ನಾಚಿಕೆಯ ಪಾಲು ಸ್ವಲ್ಪ ಹೆಚ್ಚೇ ಇತ್ತು ಎಂದು ಈಗ ಅವನೇ ಒಪ್ಪುತ್ತಾನೆ.

ನಾಲ್ಕು ವರ್ಷ ಅಕ್ಕ ಒಂದಲ್ಲ ಒಂದು ನೆಪ ಹೇಳಿದಳು. ಮೊದಲು ಧೂಳು ಎಂದಳು. ಆಮೇಲೆ ಸದ್ದು. ಮಂಡಿ ನೋವು. ಒಂದು ವರ್ಷ, ಡಬ್ಬಗಳನ್ನು ಮತ್ತೆ ಯಾರು ಜೋಡಿಸುತ್ತಾರೆ ಎಂದಳು. ಪ್ರತಿ ನೆಪಕ್ಕೂ ಮೇಸ್ತ್ರಿಯ ಬಾಯಲ್ಲಿ ಉತ್ತರ ಸಿದ್ಧ. ಅಕ್ಕನ ವಾಕ್ಯ ಪೂರ್ತಿಯಾಗುವ ಮೊದಲೇ “ಅಷ್ಟೇ ತಾನೇ?” ಹೊರಗೆ ಬಂದಿರುತ್ತಿತ್ತು. ನೆಪಗಳು ಮುಗಿದ ದಿನ ಅಕ್ಕ ಸೋತಳು.

“ಆಯ್ತು ಮಾಡು ಪುಟ್ಟಾ,” ಎಂದಳು. ಐವತ್ತು ದಾಟಿದ ತಮ್ಮ ಅವಳಿಗೆ ಇನ್ನೂ ಪುಟ್ಟನೇ. “ಆದ್ರೆ ಒಲೆ ಇದ್ದಲ್ಲೇ ಇರ್ಲಿ. ಆ ಮೊಳೆನೂ ಅಲ್ಲೇ ಇರ್ಲಿ.”

“ಅಕ್ಕಾ, ನಾನು ಫಳಫಳ ಹೊಳೆಯೋ ಕರಿಕಲ್ಲು ಹಾಕ್ತೀನಿ ಅಂತಿದ್ರೆ ನೀನು ತುಕ್ಕು ಹಿಡಿದ ಮೊಳೆ ಅಂತೀಯಲ್ಲ! ಒಲೆ ಕಿಟಕಿ ಕೆಳಗೆ ಬಂದ್ರೆ ಬೆಳಕು ಚೆನ್ನಾಗಿ ಬೀಳುತ್ತೆ. ಎಲ್ಲಾ ನಿನ್ನ ಕಣ್ಣಿಗೆ ಕಾಣೋ ಹಾಗೆ ಗೆರೆ ಎಳೆದು ಕೊಡ್ತೀನಿ. ನೋಡಿ ಹೇಳು.”

ಅಕ್ಕ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಸೀಮೆಸುಣ್ಣ ತೆಗೆದು ಗೆರೆ ಎಳೆಯತೊಡಗಿದ್ದ.

ಎರಡು ದಿನ ಬಿಟ್ಟು ಬಂದಾಗ, ಒಲೆಗೆಂದು ಎಳೆದ ಗೆರೆ ಅಳಿಸಿಹೋಗಿತ್ತು. ಸೀಮೆಸುಣ್ಣ ಗೋಡೆಯುದ್ದಕ್ಕೂ ಬಿಳಿಯ ಕಲೆಯಾಗಿ ಹರಡಿತ್ತು. “ಯಾರು ಅಳಿಸಿದ್ದು?” ಎಂದ. “ನಾನೇ ಕಣೋ, ಕೈ ತಾಗ್ತು,” ಎಂದಳು ಅಕ್ಕ. ತಾಗಿದ ಕೈಯ ಗುರುತಲ್ಲ ಅದು. ಅಂಗೈಯನ್ನು ಗೋಡೆಗೆ ಒತ್ತಿ, ಆ ಮೂಲೆಯಿಂದ ಈ ಮೂಲೆಯವರೆಗೆ ಸವರಿದ ಗುರುತು. ಗೆರೆಯನ್ನು ಕಣ್ಣಿನಿಂದ ನೋಡುವವರು ಕೈಯಿಂದ ಹುಡುಕುವುದಿಲ್ಲ. ಮೂವತ್ತು ವರ್ಷ ಗೋಡೆ ನೋಡಿದ ಮನುಷ್ಯನಿಗೆ ಇದು ತಿಳಿಯಬೇಕಿತ್ತು. ಅವನು ಜೇಬಿನಿಂದ ಸೀಮೆಸುಣ್ಣ ತೆಗೆದು ಗೆರೆಯನ್ನು ಮತ್ತೊಮ್ಮೆ ಎಳೆದ, ಸ್ವಲ್ಪ ದಪ್ಪಗೆ.

ಕೆಲಸ ನಡೆದ ಒಂಬತ್ತು ದಿನ ಅಕ್ಕ ಮೇಸ್ತ್ರಿಯ ಮನೆಯಲ್ಲಿದ್ದಳು. ಮೂರನೆಯ ದಿನ ಮೇಸ್ತ್ರಿಯ ಹೆಂಡತಿ ಹೇಳಿದಳು: “ರೀ, ಅತ್ತಿಗೆ ಲೋಟ ತಡಕಾಡಿ ತಗೋತಾರೆ. ಎರಡು ಸಲ ಚೆಲ್ಲಿದ್ರು. ಕಣ್ಣು ತೋರಿಸ್ಬೇಕೇನೋ.” ಟೈಲ್ಸ್ ಲೆಕ್ಕದಲ್ಲಿ ಮುಳುಗಿದ್ದ ಮೇಸ್ತ್ರಿ ತಲೆ ಎತ್ತಲಿಲ್ಲ. “ಹೊಸ ಜಾಗ. ಅಷ್ಟೇ ತಾನೇ?”

ಹತ್ತನೆಯ ದಿನ ಬೆಳಿಗ್ಗೆ ಅಕ್ಕನನ್ನು ಕರೆತಂದರು. ಅಂಥ ಅಡಿಗೆಮನೆಯನ್ನು ಮೇಸ್ತ್ರಿ ಹಿಂದೆ ಕಟ್ಟಿರಲಿಲ್ಲ. ಕನ್ನಡಿಯಂಥ ಕರಿಕಲ್ಲಿನ ಕಟ್ಟೆ. ಹಿಡಿಯೇ ಇಲ್ಲದ, ಒತ್ತಿದರೆ ತೆರೆಯುವ ಕಪಾಟು. ಡಬ್ಬಗಳೆಲ್ಲ ಒಳಗೆ, ಒಂದೇ ಅಳತೆಯವು, ಸೊಸೆ ಹೊಸದಾಗಿ ತಂದವು. ಸಂಧಿ ಕಾಣದ ಹಾಗೆ ಕೂತ ಬಿಳಿ ಟೈಲ್ಸ್. ಸೊಸೆಯ ಮುಖ ಅರಳಿತ್ತು. “ಹೇಗಿದೆ ಅತ್ತೆ?” ಎಂದಳು.

ಅಕ್ಕ ಬಾಗಿಲಲ್ಲಿ ನಿಂತಳು. ಅವಳ ಬಲಗೈ ತನ್ನಷ್ಟಕ್ಕೆ ಮೇಲೆದ್ದು ಬಾಗಿಲ ಪಕ್ಕದ ಗೋಡೆಗೆ ಹೋಯಿತು. ಅಲ್ಲಿ ನುಣ್ಣನೆಯ ಟೈಲ್ಸ್. ಕೈ ಸ್ವಲ್ಪ ಮೇಲೆ ಹೋಯಿತು, ಸ್ವಲ್ಪ ಕೆಳಗೆ ಬಂತು, ಅಲ್ಲೇ ನಿಂತಿತು. “ಚೆನ್ನಾಗಿದೆ,” ಎಂದಳು. ಹಾಗೆನ್ನುವಾಗ ಅವಳ ಮುಖ ಸೊಸೆಯ ಕಡೆಗೂ ಇರಲಿಲ್ಲ, ಕಟ್ಟೆಯ ಕಡೆಗೂ ಇರಲಿಲ್ಲ. ಖುಷಿಗೆ ಮಾತು ಬರುತ್ತಿಲ್ಲ ಎಂದು ಮೇಸ್ತ್ರಿ ಬೀಗಿದ.

“ಮೊದಲ ಚಹಾ ನೀನೇ ಮಾಡ್ಬೇಕು ಅಕ್ಕಾ,” ಎಂದು ಪಟ್ಟು ಹಿಡಿದವನೂ ಅವನೇ.

ಅಕ್ಕ ಒಂದು ಕಪಾಟು ಒತ್ತಿದಳು, ಇನ್ನೊಂದು ಒತ್ತಿದಳು. ಎಲ್ಲ ಡಬ್ಬಗಳೂ ಕೈಗೆ ಒಂದೇ. ಸಕ್ಕರೆಯೆಂದು ಉಪ್ಪು ಹಾಕಿದಳು. ಅದನ್ನು ಕಂಡು ಸೊಸೆ ನಗುತ್ತಿರುವಾಗಲೇ, ಪಾತ್ರೆ ಇಳಿಸಲು ಅಕ್ಕ ಕೈ ಚಾಚಿದಳು. ಕೈ ಉರಿಯ ಮೇಲೇ ಹೋಯಿತು. ಪಾತ್ರೆ ಮಗುಚಿತು. ಅಕ್ಕ ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತು, “ಒಲೆ ಇದ್ದಲ್ಲೇ ಇರ್ಲಿ ಅಂದಿದ್ನಲ್ಲೋ,” ಎಂದಳು.

ಆಸ್ಪತ್ರೆಯಲ್ಲಿ ಎಲ್ಲ ಬಯಲಾಯಿತು. ಅಕ್ಕನ ಕಣ್ಣು ಮಂಜಾಗತೊಡಗಿ ಐದು ವರ್ಷವಾಗಿತ್ತು. ಒಬ್ಬಳೇ ಹೋಗಿ ಡಾಕ್ಟರರನ್ನು ಕಂಡಿದ್ದಳು. ಹೋದ ದೃಷ್ಟಿ ಮರಳಿ ಬರುವಂಥದ್ದಲ್ಲ ಎಂದಿದ್ದರು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಪ್ರೀತಿಯಿಂದಲೇ ಒಲೆಯನ್ನು ಕೈಯಿಂದ ಕಿತ್ತುಕೊಳ್ಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆ ಹಾಳು ಅಡಿಗೆಮನೆಯಲ್ಲಿ ಅವಳಿಗೆ ಕಣ್ಣು ಬೇಕಿರಲಿಲ್ಲ. ಕಟ್ಟೆಯ ಬಿರುಕು ಮುಗಿದಲ್ಲಿ ಒಲೆ. ಸೊಟ್ಟ ಮುಚ್ಚಳದ್ದು ಉಪ್ಪು, ನೆಗ್ಗಿದ ಡಬ್ಬ ಸಕ್ಕರೆ. ಮೊಳೆ ಕೈಗೆ ಸಿಕ್ಕರೆ ಬಾಗಿಲು. ಯಾವುದನ್ನು ತಮ್ಮ ಕೊಳಕು ಎಂದುಕೊಂಡಿದ್ದನೋ ಅದೆಲ್ಲ ಅಕ್ಕನ ದಾರಿಯಾಗಿತ್ತು. ಒಂಬತ್ತು ದಿನ ಬೆವರು ಸುರಿಸಿ ಅವನು ಅದನ್ನು ನುಣ್ಣಗೆ ಮಾಡಿಟ್ಟಿದ್ದ.

“ಎಲ್ಲಾ ಒಡೆದು ಮೊದ್ಲಿನ ಹಾಗೇ ಮಾಡ್ಕೊಡ್ತೀನಿ ಅಕ್ಕಾ,” ಎಂದು ಅವತ್ತೇ ಅವಳ ಹಾಸಿಗೆಯ ಪಕ್ಕ ನಿಂತು ಹೇಳಿದ.

“ಮೊಳೆ ಎಷ್ಟು ಎತ್ತರದಲ್ಲಿತ್ತು, ಹೇಳು,” ಎಂದಳು ಅಕ್ಕ.

ಅವನಿಗೆ ಗೊತ್ತಿರಲಿಲ್ಲ. ಹೊಸದರ ಪ್ರತಿ ಅಂಗುಲವೂ ಬಾಯಿಪಾಠವಾಗಿತ್ತು. ಹಳೆಯದನ್ನು ಅವನು ಅಳೆದೇ ಇರಲಿಲ್ಲ. ಒಡೆದು ಎಸೆಯುವುದನ್ನು ಯಾವ ಮೇಸ್ತ್ರಿ ಅಳೆಯುತ್ತಾನೆ? ಅಕ್ಕನಿಗೂ ಬಾಯಲ್ಲಿ ಹೇಳಲು ಬರಲಿಲ್ಲ. ಅದು ಅವಳ ಕೈಗೆ ಮಾತ್ರ ಗೊತ್ತಿತ್ತು, ಆ ಗೋಡೆಯ ಮುಂದೆ ನಿಂತಾಗ ಮಾತ್ರ.

ಅಕ್ಕ ಹೆದರಿದ್ದ ಹಾಗೆಯೇ ಆಯಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. “ಅತ್ತೆ, ಇಷ್ಟು ವರ್ಷ ಮಾಡಿದ್ದು ಸಾಕು, ಕೂತ್ಕೊಳ್ಳಿ,” ಎಂದು ಸೊಸೆ ಹಜಾರದಲ್ಲಿ ಮೆತ್ತನೆಯ ಕುರ್ಚಿ ಹಾಕಿಕೊಟ್ಟಳು. ಬೆಳಗಾಗೆದ್ದು ಅಡಿಗೆ ಮುಗಿಸಿ ಕೆಲಸಕ್ಕೆ ಓಡತೊಡಗಿದಳು. ಅಕ್ಕ ಆ ಕುರ್ಚಿಯಲ್ಲಿ ಕೂತು, ಒಳಗಿನ ಪಾತ್ರೆಗಳ ಸದ್ದಿಗೆ ಕಿವಿಗೊಟ್ಟಿರುತ್ತಾಳೆ.

ಮೇಸ್ತ್ರಿ ಈಗಲೂ ಅದೇ ಕೆಲಸ ಮಾಡುತ್ತಾನೆ. ಆದರೆ ಆ ಎರಡು ಮಾತು ಬಾಯಿಂದ ಬರುವುದಿಲ್ಲ. ಮನೆಯವರು ಒಂದು ಭಯ ಹೇಳಿದರೆ “ಆಮೇಲೆ?” ಎನ್ನುತ್ತಾನೆ, ಅದು ಮುಗಿದರೆ “ಇನ್ನೇನಾದ್ರೂ ಇದ್ಯಾ?” ಎನ್ನುತ್ತಾನೆ. ಒಡೆಯುವ ಮುಂಚೆ ಹಳೆಯದರ ಅಳತೆ ಬರೆದುಕೊಳ್ಳುತ್ತಾನೆ, ಮೊಳೆಗಳ ಸಮೇತ. ಕೊನೆಗೆ, ಕಣ್ಣು ಮುಚ್ಚಿಕೊಂಡು ಒಂದು ಲೋಟ ಚಹಾ ಮಾಡಿ ಎಂದು ಮನೆಯೊಡತಿಗೆ ಹೇಳಿ, ಮೂಲೆಯಲ್ಲಿ ನಿಂತು ಅವಳ ಕೈ ಎಲ್ಲೆಲ್ಲಿ ಹೋಗುತ್ತದೆಂದು ನೋಡುತ್ತಾನೆ. ಮೇಸ್ತ್ರಿಗೆ ತಲೆ ಕೆಟ್ಟಿದೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ಅಡ್ಡಹೆಸರು ಮಾತ್ರ ಬಿಟ್ಟುಹೋಗಲಿಲ್ಲ. ಬೀದಿಯಲ್ಲಿ ಯಾರಾದರೂ ಹಾಗೆ ಕೂಗಿದರೆ ಅವನು ತಲೆ ತಗ್ಗಿಸಿಕೊಂಡು ಹೋಗುತ್ತಾನೆ.

ಅಕ್ಕನ ಮನೆಯ ಕಡೆ ನಾಲ್ಕು ತಿಂಗಳು ಮುಖ ಹಾಕಿರಲಿಲ್ಲ. ಹೆಂಡತಿ ಬೈದು ಕಳಿಸಿದ ಮೇಲೆ ಒಂದು ಮಧ್ಯಾಹ್ನ ಹೋದ. ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಹೆಜ್ಜೆಯ ಸದ್ದಿಗೇ “ಪುಟ್ಟಾ,” ಎಂದಳು. ಅವನು ಕುರ್ಚಿಯ ಬುಡದಲ್ಲಿ, ನೆಲದ ಮೇಲೆ ಕೂತ. ಆಮೇಲೆ ಮಾತು ಕಟ್ಟೆಯೊಡೆಯಿತು. ಗೋಡೆಯ ಮೇಲೆ ಅಂಗೈ ಗುರುತು ನೋಡಿಯೂ ಗೆರೆ ಎಳೆದದ್ದು, ಹೆಂಡತಿ ಹೇಳಿದರೂ ಕಿವಿಗೆ ಹಾಕಿಕೊಳ್ಳದ್ದು, ಅವಳ ಅಡಿಗೆಮನೆಯಿಂದ ತನ್ನ ಮರ್ಯಾದೆ ಹೋಗುತ್ತದೆಂದುಕೊಂಡದ್ದು, ಅವಳು ಏನೋ ಹೇಳಲು ಬಂದಾಗಲೆಲ್ಲ ಬಾಯಿ ಹಾಕಿ ತಡೆದದ್ದು, ಎಲ್ಲ ಹೇಳಿದ. ಬಿಕ್ಕಿ ಬಿಕ್ಕಿ ಹೇಳಿದ. ಅಕ್ಕ ನಡುವೆ ಒಂದು ಮಾತೂ ಆಡದೆ ಕೇಳಿದಳು.

“ಮುಗೀತೇನೋ?” ಎಂದಳು.

“ಮುಗೀತು.”

ಅಕ್ಕ ಗಾಳಿಯಲ್ಲಿ ಹುಡುಕಿ ಅವನ ತಲೆಯ ಮೇಲೆ ಕೈಯಿಟ್ಟಳು. ಅಂಗೈಯಲ್ಲಿ ಸುಟ್ಟ ಕಲೆ ಒರಟಾಗಿ ತಾಗಿತು.

“ಅಷ್ಟೇ ತಾನೇ?” ಎಂದಳು.

ಒಂಬತ್ತು ವರ್ಷದ ಹುಡುಗನ ಹಾಗೆ ಅವನು ತಲೆ ಎತ್ತಿ ಕಾದ. ಅಕ್ಕ ಏಳಲಿಲ್ಲ.