ಗಾಳಿ ದಾರಿಯಲ್ಲಿ ಹಸಿ ಸೌದೆ

ಅಕ್ಕನ ಅಡುಗೆಮನೆಯಲ್ಲಿ ಅವನು ಒಲೆಯ ಮುಂದೆ ಬೋರಲು ಮಲಗಿದ್ದ. ಕೆನ್ನೆ ನೆಲಕ್ಕೆ ತಾಗಿತ್ತು. ಅಕ್ಕ ಪಾತ್ರೆ ಹಿಡಿದು ಅವನ ಕಾಲು ದಾಟಿಕೊಂಡೇ ಓಡಾಡುತ್ತಿದ್ದಳು.

"ಒಲೆ ಹತ್ರ ಏನೋ ಗುಟ್ಟು ಮಾತಾಡ್ತಿದ್ದೀಯ?"

"ಸರಿಯಾಗಿ ಉಸಿರಾಡ್ತಿದ್ಯಾ ಅಂತ ನೋಡ್ತಿದೀನಿ ಅಕ್ಕ."

"ಹಾಗೇ ನನ್ನನ್ನೂ ಒಂದ್ಸಲ ನೋಡಿಬಿಡು."

ಬಕೆಟ್ಟು, ಡಬ್ಬಗಳಿಗೆ ತಗಡು ಬಡಿಯುವುದು ಅವನ ಕಸುಬು. ಹೊಗೆ ಉಗುಳದ ಸೌದೆ ಒಲೆ ಮಾಡುವ ಹುಚ್ಚು ಹಿಡಿದ ಮೇಲೆ ಬೀದಿಯವರು ಅವನನ್ನು ಹೊಗೆ ಡಾಕ್ಟ್ರು ಎಂದೇ ಕರೆಯುತ್ತಾರೆ. ಹುಚ್ಚು ಹಿಡಿಸಿದ್ದು ಅಕ್ಕನ ಕೆಮ್ಮು. ಪಕ್ಕದ ಗ್ಯಾರೇಜಿನ ಕೆಲಸಗಾರರಿಗೆಲ್ಲ ಅವಳೇ ಬೇಯಿಸಿ ಹಾಕುವವಳು. ಅವನು ಮಾಡಿಕೊಟ್ಟ ಹೊಸ ಒಲೆ ಮನೆಗೆ ಬಂದಾಗಿನಿಂದ ದಿನವೂ ಹೊಗೆ. ಇವತ್ತೂ ಹೀಗೇ ಆದರೆ ಹಳೇ ಒಲೆಯೇ ಸಾಕು ಎಂದು ಅವಳು ಕಡ್ಡಿ ಮುರಿದಂತೆ ಹೇಳಿದ್ದಳು.

ತನ್ನ ಅಂಗಡಿಯಲ್ಲಿ ಹಚ್ಚಿದಾಗ ಅದೇ ಒಲೆ ಹೊಗೆಯಿಲ್ಲದೆ ಉರಿದಿತ್ತು. ಅದರ ಬಾಯಿಗೆ ಅಡ್ಡಲಾಗಿ ಒಂದು ತಗಡು. ಸೌದೆ ಅದರ ಮೇಲೆ. ಕೆಳಗಿನ ಸಂದಿನಿಂದ ಗಾಳಿ ನುಗ್ಗಿ ಹೊಗೆಯನ್ನೂ ಉರಿಸಿಬಿಡಬೇಕು. ಉರಿ ಏರುವ ಕೊಳವೆಯ ಸುತ್ತ ಬೂದಿ ತುಂಬಿದ್ದ. ಹಾಗಾಗಿ ಕಾವೆಲ್ಲ ಪಾತ್ರೆಗೇ ಹೋಗುತ್ತದೆ, ಹೊರಮೈ ಮುಟ್ಟಿದರೆ ಬೆಚ್ಚಗೂ ಇರುವುದಿಲ್ಲ. ಇದು ಅವನಿಗೆ ಬಹಳ ಹೆಮ್ಮೆಯ ಸಂಗತಿ. ಇಂಥ ಒಲೆಗೆ ಇಲ್ಲಿ ಏನು ದಾಡಿ?

ಎಸರು ಕುದಿಯುವ ತನಕ ಒಂದೆಳೆ ಹೊಗೆಯಿಲ್ಲ. ಆಮೇಲೆ ಅಕ್ಕ ಮೂಲೆಯಿಂದ ಹಸಿ ಸೌದೆ ತಂದು ತಗಡಿನ ಕೆಳಗೆ ತುರುಕಿದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಕೆಮ್ಮುತ್ತಿದ್ದರು.

"ಅಲ್ಲಿ ಯಾಕೆ ಇಟ್ಟೆ?"

"ಒಣಗಲಿ ಅಂತ. ನಾಳೆಗೆ ಬೇಡ್ವಾ?"

"ಅದು ಗಾಳಿ ಬರೋ ದಾರಿ ಅಕ್ಕ."

"ಹೇಳಿದ್ಯಾ ನೀನು? ಸೌದೆಗೆ ಅಂತಾನೇ ಗೂಡು ಮಾಡಿದಾನೆ, ನಮ್ಮ ತಮ್ಮನಿಗೂ ಒಂಚೂರು ಬುದ್ಧಿ ಬಂತು ಅಂದ್ಕೊಂಡಿದ್ದೆ."

ಅವನು ಎದ್ದು ಕೂತು ಕಣ್ಣೊರೆಸಿಕೊಂಡ. "ಹಳೇ ಒಲೇಲಿ ಎಲ್ಲಿ ಒಣಗಿಸ್ತಿದ್ದೆ?"

"ಪಕ್ಕಕ್ಕೆ ಒರಗಿಸಿಡ್ತಿದ್ದೆ. ಅದರ ಮೈ ಕಾದಿರ್ತಿತ್ತು. ನಿಂದು ನೀರಿನ ಮಡಕೆ ಥರ ತಣ್ಣಗಿರುತ್ತಲ್ಲಪ್ಪ."

ಅಂಗಡಿಯಲ್ಲಿ ಅವನು ಉರಿಸಿದ್ದು ಯಾವಾಗಲೂ ಒಣಗಿದ, ಸಣ್ಣಗೆ ಸೀಳಿದ ಸೌದೆ. ಕೆಳಗಿನದನ್ನು ಎಳೆದು ಹೊರಗಿಟ್ಟ. ಹೊಗೆ ತೆಳುವಾಗುತ್ತ ಬಂದು ನಿಂತೇಹೋಯಿತು.

"ಸರಿ, ಕೆಳಗೆ ಇಡಲ್ಲ," ಎಂದಳು ಅಕ್ಕ. "ಮತ್ತೆ ನಿನ್ನ ತಲೆ ಮೇಲೆ ಒಣಗಿಸ್ಲಾ?"

ಅವನು ಪಾತ್ರೆಯ ಸುತ್ತ ಅಂಗೈ ಆಡಿಸುತ್ತಿದ್ದ. ಹಿಂಬದಿಯಲ್ಲಿ, ಅಂಚಿನಿಂದ ಒಂದು ಗೇಣು ದೂರದಲ್ಲಿ, ಕೈ ಸುಡದಷ್ಟು ಹಿತವಾದ ಕಾವಿತ್ತು.

"ಇಲ್ಲಿ ಒಣಗುತ್ತೆ ಅಕ್ಕ. ನಾಳೆ ಮಾತ್ರ ಹಳೇ ಒಲೇಲಿ ಅಡುಗೆ ಮಾಡ್ತೀಯಾ?"

"ನಾಳೆ ಮಾತ್ರ," ಎಂದಳು ಅಕ್ಕ.

ಬೆಳಿಗ್ಗೆ ಗ್ಯಾರೇಜಿನ ತಳ್ಳುಗಾಡಿಯಲ್ಲಿ ಒಲೆ ಅಂಗಡಿಗೆ ಹೋಗುತ್ತದೆ. ಹಿಂಬದಿಗೆ ಕಂಬಿಗಳ ಅಟ್ಟಣೆ ಬೆಸೆದು, ಈ ಸಲ ಅಕ್ಕನ ಮನೆಯ ಹಸಿ ಸೌದೆಯನ್ನೇ ಅದರ ಮೇಲಿಟ್ಟು ಅವನು ಒಲೆ ಹಚ್ಚಿ ನೋಡುತ್ತಾನೆ.